ಒಂದೂವರಿ ಸ್ಟಾರಿನ ಕುಸ್ತಿ, ಕಮಲಾಪುರದ ಬಾಳೆಹಣ್ಣು

ಗೆಳೆಯರ, ಇವತ್ತ ಖೂಬಾ ಪ್ಲಾಟ್ ಬಡಾವಣ್ಯಾಗಿನ ನಮ್ಮ ಮನ್ಯಾಗ ಟಿವಿ ಕುಸ್ತಿ ಸಲುವಾಗಿ ಖರೇ ಜಗಳಾನೇ ಆತು!

ಅವ್ವನ ಅಣ್ಣ, ನಮ್ಮ ಮಾಮಾ, ಕಮಲಾಪುರದಿಂದ ಕೆಂಪು ಬಾಳೆಹಣ್ಣು ತಗೊಂಡು ಬಂದಿದ್ರು. ಹರೇದಾಗ ತಾಲೀಮಿನ ಮಣ್ಣಾಗ ಕುಸ್ತಿ ಆಡಿದ ಪೈಲ್ವಾನರು. ಊಟ ಮಾಡಿ ಟಿವಿ ಮುಂದ ಕುಂತ್ರು. ನನ್ನ ತಮ್ಮ ಗಿರೀಶ ಇಂಟರ್‌ನೆಟ್ಟಿನಿಂದ ತಗದ, ಹಳೇ ಮ್ಯಾಚಿಗೆ ಕೊಟ್ಟ ಸ್ಟಾರುಗಳ ಪಟ್ಟಿ ಹಿಡಕೊಂಡು ಅಡ್ಡ ಬಂದ.

“ಮಾಮಾ, ಇದು ಬ್ಯಾಡ್ರಿ. ಬರೇ ಒಂದೂವರಿ ಸ್ಟಾರ್ ಮ್ಯಾಚ್. ಮುಂದಿಂದು ಐದು ಸ್ಟಾರ್ ಅದ.”

“ಸ್ಟಾರ್ ಯಾರು ಕೊಟ್ಟಾರ?”

“ಪರದೇಶದಾಗ ಒಬ್ಬಾಂವ.”

“ಅಂವ ಕುಸ್ತಿ ಆಡ್ಯಾನೇನು?”

“ಇಲ್ರಿ, ನೋಡಿ ಬರೀತಾನ.”

“ನೋಡೂದು ನನಗೂ ಬರ್ತದ. ಸರಿ ಅತ್ಲಾಗ!”

ಮಾಮಾ ಒಂದು ಹಣ್ಣು ಸುಲಿದ್ರು. ಅಷ್ಟರಾಗ ಟಿವಿಯೊಳಗ ಒಬ್ಬ ದಢೂತಿ ಪೈಲ್ವಾನ ಸಣಕಲ ಹುಡುಗನ್ನ ಎತ್ತಿ ಹಗ್ಗದಾಚೆ ಒಗದ. ಹುಡುಗ ಮತ್ತ ಹತ್ತಿ ಬಂದ. ಮತ್ತ ಒಗದ. ಮತ್ತ ಬಂದ! ಮಾಮಾ ಎದ್ದು ನಿಂತು, “ಕಾಲು ಹಿಡಿಯೋ, ಕಾಲು!” ಅಂತ ಒದರಾಕತ್ತಿದ್ರು. ಗಿರೀಶ ಸೋಫಾ ಮ್ಯಾಲ ಹತ್ತಿ ಕುಣಿಯಾಕತ್ತಿದ್ದ. ಆ ಹುಡುಗ ಗೆದ್ದಾಗ ಇಬ್ಬರೂ ತಬ್ಬಿಕೊಂಡ್ರು.

ಅವ್ವ ಹೊರಗ ಬಂದು ನಕ್ಕಳು. “ಅಣ್ಣಾ, ಸುಲಿದ ಹಣ್ಣು ಕೈಯಾಗ ಹಂಗೇ ಅದಲ್ಲೋ!”

ಆಮ್ಯಾಲ ಐದು ಸ್ಟಾರಿನ ಮ್ಯಾಚ್ ಬಂತು. ಅದು ಯಾಕ ಛಲೋ ಅಂತ ಗಿರೀಶ ಕೊನಿತನಕ ತಿಳಿಸಿ ಹೇಳಿದ. ಮಾಮಾ ಕೇಳಿಕೋತ ನಾಕು ಹಣ್ಣು ತಿಂದ್ರು.

ಇನ್ನ ಮ್ಯಾಲ ಯಾವ ಮ್ಯಾಚ್ ಛಲೋ ಅಂತ ಕೇಳಿದ್ರ ನಾ ಸ್ಟಾರ್ ನೋಡಂಗಿಲ್ಲ, ಮಾಮಾನ ಮುಂದ ಬಿದ್ದ ಸಿಪ್ಪಿ ಎಣಸ್ತೀನಿ. ಕಡಿಮಿ ಬಿದ್ದಷ್ಟು ಛಲೋ.