ಬ್ಯಾಟರಿಯಲ್ಲಿ ಜೀವ

ನಮ್ಮ ಯಜಮಾನರಿಗೆ ದೇವರ ದೀಪಕ್ಕಿಂತ ಮೊದಲು ಬೈಕಿನ ಬ್ಯಾಟರಿ. ಬೆಳಿಗ್ಗೆ ಕಾಫಿ ಕುಡಿದವರೇ ಸೀಟು ಎತ್ತಿ, ಕೆಂಪು ಕಪ್ಪು ವೈರಿನ ಮೀಟರು ಹಿಡಿದು ಕೂತುಬಿಡುತ್ತಿದ್ದರು. ಸಿದ್ಧಾರ್ಥನಗರದ ನಮ್ಮ ಬೀದಿಯಲ್ಲಿ ಹೆಂಗಸರು ರಂಗೋಲಿ ಹಾಕುವ ಹೊತ್ತಿಗೆ ಇವರದು ಈ ಪೂಜೆ. ಮುಳ್ಳು ಹನ್ನೆರಡೂವರೆ ವೋಲ್ಟ್ ಮುಟ್ಟಿದರೆ ಅಡುಗೆಮನೆಗೆ ಕೇಳುವಂತೆ ‘ಜೀವ ಇದೆ ಕಣೇ’ ಎನ್ನುತ್ತಿದ್ದರು. ನನಗೆ ಜೀವ ಇದೆಯಾ ಅಂತ ಒಂದು ದಿನವಾದರೂ ನೋಡಿದ್ದೀರಾ ಎಂದು ನಾನು ಒಗ್ಗರಣೆ ಸೌಟು ಹಿಡಿದುಕೊಂಡೇ ರೇಗುತ್ತಿದ್ದೆ.

ಬೇಡವೆಂದರೂ ಬಿಡದೆ ನನಗೂ ಕಲಿಸಿದ್ದರು. ಎಂಜಿನ್ ಶುರುಮಾಡಿ ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿದಾಗ ಮುಳ್ಳು ಹದಿನಾಲ್ಕರ ಹತ್ತಿರ ಏರಬೇಕು. ಹದಿನೈದು ದಾಟಿದರೆ ಬ್ಯಾಟರಿ ಒಳಗೇ ಬೇಯುತ್ತದೆ. ಏರದೆ ಅಲ್ಲೇ ಬಿದ್ದಿದ್ದರೆ ಇನ್ನೂ ಕೆಟ್ಟದ್ದು. ಎಂಜಿನ್ನಿನಿಂದ ಬ್ಯಾಟರಿಗೆ ಏನೂ ಬರುತ್ತಿಲ್ಲ, ಕೂಡಿಟ್ಟದ್ದನ್ನೇ ತಿಂದುಕೊಂಡು ಗಾಡಿ ಓಡುತ್ತಿದೆ ಎಂದರ್ಥ. ದೀಪ ಹತ್ತುತ್ತದೆ, ಹಾರ್ನ್ ಕೂಗುತ್ತದೆ, ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ.

ನನಗೂ ಗೊತ್ತಾಗಲಿಲ್ಲ. ಒಮ್ಮೆ ದಟ್ಟಗಳ್ಳಿಯ ನನ್ನ ತಂಗಿಯ ಮನೆಗೆ ಹೊರಟಾಗ, ಪೆಟ್ರೋಲ್ ಬಂಕಿನಲ್ಲಿ ನನ್ನನ್ನು ಇಳಿಸಿ, ಟ್ಯಾಂಕ್ ತುಂಬಿಸಿಕೊಂಡು ಒಬ್ಬರೇ ಹೋಗಿಬಿಟ್ಟರು. ನಾನು ಆಟೋ ಹಿಡಿದು ತಲುಪಿದರೆ, ಹೆಂಡತಿಯನ್ನೇ ಮರೆತುಬಂದ ಮಹಾನುಭಾವರು ಎಂದು ತಂಗಿಯ ಮನೆಯವರೆಲ್ಲ ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನೆನೆದರೆ ಈಗ ಅದೇ ಹೊಟ್ಟೆ ಉರಿಯುತ್ತದೆ. ಆಮೇಲೊಂದು ಮಧ್ಯಾಹ್ನ ರಿಂಗ್ ರಸ್ತೆಯಲ್ಲಿ, ನಾನು ಹಿಂದೆ ಕೂತಿರುವಾಗಲೇ, ಎದುರಿನಿಂದ ಬರುವ ವಾಹನಗಳ ಕಡೆಗೇ ಗಾಡಿ ತಿರುಗಿಸಿದರು. ಲಾರಿಯವನು ಬ್ರೇಕ್ ಹಾಕಿದ್ದರಿಂದ ಬದುಕಿದೆವು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಅವರು ನನ್ನನ್ನೇ ಕೇಳಿದರು.

ಡಾಕ್ಟರು ಮರೆವಿನ ಕಾಯಿಲೆ ಎಂದರು, ಇನ್ನು ಗಾಡಿ ಓಡಿಸಲು ಬಿಡಲೇಬೇಡಿ ಎಂದರು. ಹೇಳುವವರಿಗೇನು, ಸುಲಭ. ಕೀ ಬಚ್ಚಿಟ್ಟೆ. ಬೀರು, ಅಕ್ಕಿ ಡಬ್ಬ, ದೇವರ ಗೂಡು, ಎಲ್ಲವನ್ನೂ ಕಿತ್ತುಹಾಕಿ ಹುಡುಕಿದರು. ಸಿಗದಿದ್ದಾಗ ಗೇಟು ಹಿಡಿದುಕೊಂಡು ಅತ್ತರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ತಡೆಯಲಾರದೆ ಕೊಟ್ಟುಬಿಟ್ಟೆ. ಅವರು ಊಟ ಮಾಡಿ ಮಲಗಿದ್ದಾಗ ನಮ್ಮ ಬೀದಿಯ ಮೆಕ್ಯಾನಿಕ್‌ನನ್ನು ಕರೆಸಿ ಬ್ಯಾಟರಿಯನ್ನೇ ತೆಗೆಸಿದೆ. ಕಿಕ್ಕರ್ ಇಲ್ಲದ ಗಾಡಿ, ಬ್ಯಾಟರಿ ಇಲ್ಲದೆ ಶುರುವಾಗದು. ಕೇಳಿದರೆ ಚಾರ್ಜಿಗೆ ಕೊಟ್ಟಿದ್ದೇನೆ ಅನ್ನಿ ಎಂದು ಆತ ಹೇಳಿಕೊಟ್ಟ.

ಮಾರನೆಯ ಬೆಳಿಗ್ಗೆ ಆ ಸುಳ್ಳನ್ನು ಬಾಯಲ್ಲಿಟ್ಟುಕೊಂಡು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಬೈಯಲಿ, ಇಡೀ ಬೀದಿ ಕೇಳುವಂತೆ ಬೈಯಲಿ ಎಂದೇ ಕಾಯುತ್ತಿದ್ದೆ. ಬೈದರೆ ನನ್ನ ಗಂಡ ಇನ್ನೂ ಇದ್ದಾರೆ ಎಂದು ಲೆಕ್ಕ. ಅವರು ಸೀಟು ಎತ್ತಿದರು. ಬ್ಯಾಟರಿಯ ಜಾಗ ಖಾಲಿ. ಅಲ್ಲಿ ಜೋತುಬಿದ್ದಿದ್ದ ಎರಡು ವೈರುಗಳ ತುದಿಗೆ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಒಂಚೂರೂ ತಪ್ಪದೆ ಮೀಟರು ಹಿಡಿದರು. ಮುಳ್ಳು ಸೊನ್ನೆಯಿಂದ ಅಲ್ಲಾಡಲಿಲ್ಲ. ಅದನ್ನೇ ದಿಟ್ಟಿಸಿ ನೋಡಿದರು.

‘ಹನ್ನೆರಡೂವರೆ. ಜೀವ ಇದೆ ಕಣೇ.’

ನನ್ನ ಸುಳ್ಳು ಬಾಯಲ್ಲೇ ಉಳಿಯಿತು. ನಿನ್ನ ತಂಗಿ ಮನೆಗೆ ಹೋಗಿಬರೋಣ, ಗಾಡಿ ಹತ್ತು ಎಂದರು. ಸೆರಗು ಸರಿಮಾಡಿಕೊಂಡು ಹಿಂದೆ ಕೂತೆ, ಭುಜ ಹಿಡಿದುಕೊಂಡೆ. ಅವರು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಆದರೂ ಆಕ್ಸಿಲರೇಟರ್ ತಿರುಗಿಸುತ್ತ, ಎದುರು ಮನೆಯ ಕಾಂಪೌಂಡು ನೋಡುತ್ತ ಕೂತೇ ಇದ್ದರು. ಬಿಸಿಲು ಏರಿತು. ಹೂ ಮಾರುವವಳು ನಮ್ಮಿಬ್ಬರನ್ನು ನೋಡಿ ಮುಂದೆ ಹೋದಳು. ನಾನು ಭುಜದ ಮೇಲಿನ ಕೈ ತೆಗೆಯಲಿಲ್ಲ.

ಬಹಳ ಹೊತ್ತಾದ ಮೇಲೆ ಕೀ ತೆಗೆದು ಜೇಬಿಗೆ ಹಾಕಿಕೊಂಡರು.

‘ಇಳಿ, ಬಂದ್ವಲ್ಲ.’

ಇಳಿದೆ. ಅವರು ತಲೆ ಬಾಚಿಕೊಂಡು, ನಮ್ಮದೇ ಮನೆಯ ಬೆಲ್ ಒತ್ತಿ, ಒಳಗಿನಿಂದ ಯಾರಾದರೂ ಬಂದು ಬಾಗಿಲು ತೆಗೆಯಲೆಂದು ಕಾದು ನಿಂತರು.