ಅಕ್ಕನಿಗೊಂದು ಬಾಡಿಗೆ ಮನೆ

ಎದುರು ಮನೆಗೆ ಸುಣ್ಣ ಹೊಡೆಯುತ್ತಿದ್ದಾರೆ. ಆ ವಾಸನೆಗೆ ಬೇರೆಯವರಿಗೆ ಹಬ್ಬವೋ ಮದುವೆಯೋ ನೆನಪಾಗಬಹುದು. ನನಗೆ ನೆನಪಾಗುವುದು ಚಿಕ್ಕಮಗಳೂರಿನ ಅಂಚಿನ ಈ ಆಸ್ಪತ್ರೆಯ ಸುತ್ತಮುತ್ತ ನೋಡಿದ ಖಾಲಿ ಮನೆಗಳು.

ಸಂಸೆಯಲ್ಲಿದ್ದ ಅಕ್ಕನಿಗೆ ಕಳೆದ ವರ್ಷ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ತಿರುವುಗಳ ದಾರಿಯಲ್ಲಿ ಬಸ್ಸಿನಲ್ಲಿ ಬಂದು, ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗಿ, ಅದೇ ತಿರುವುಗಳಲ್ಲಿ ವಾಪಸಾಗುವುದನ್ನು ಎರಡು ವಾರ ಮಾಡಿದಳು. ಮೂರನೆಯ ವಾರ ಬಸ್ಸಿನಲ್ಲೇ ಕುಸಿದಳು. ಹತ್ತಿರದಲ್ಲಿ ಮನೆ ಮಾಡದಿದ್ದರೆ ಇದು ನಡೆಯುವುದಿಲ್ಲವೆಂದರು ಡಾಕ್ಟರು. ಅಕ್ಕ ಮದುವೆಯಾದವಳಲ್ಲ. ಕಳಸದ ನಮ್ಮ ಸ್ಟೇಷನರಿ ಅಂಗಡಿಯನ್ನು ನನಗಿಂತ ನನ್ನ ಹೆಂಡತಿಯೇ ಚೆನ್ನಾಗಿ ನಡೆಸುತ್ತಾಳೆಂಬುದು ಊರಿಗೇ ಗೊತ್ತು. ಹೀಗಾಗಿ ಅಕ್ಕನ ಜೊತೆಗೆ ಯಾರಿರಬೇಕೆಂಬ ಚರ್ಚೆ ಬೇಗ ಮುಗಿಯಿತು.

ನಾನು ಮನೆ ಹುಡುಕಿದ ಕ್ರಮ ಕೇಳಿದರೆ ನೀವು ನಗುತ್ತೀರಿ. ಆಸ್ಪತ್ರೆಯ ಗೇಟಿನಿಂದ ಪ್ರತಿ ಮನೆಗೂ ಅಕ್ಕನ ನಡಿಗೆಯಲ್ಲೇ, ನಿಂತು ನಿಂತು ನಡೆದು ಗಡಿಯಾರ ನೋಡುತ್ತಿದ್ದೆ. ಗೇಟಿನ ಕಾವಲುಗಾರ ನನ್ನನ್ನೇ ರೋಗಿಯೆಂದು ತಿಳಿದು ಗಾಲಿಕುರ್ಚಿ ತಂದ. ಮನೆಗಳೇನೋ ಇದ್ದವು. ಯಾರಿಗೆ, ಯಾಕೆ ಎಂದು ನಿಜ ಹೇಳಿದೊಡನೆ, 'ನಿನ್ನೆಯಷ್ಟೇ ಬೇರೆಯವ್ರಿಗೆ ಒಪ್ಕೊಂಡ್ವಿ' ಎನ್ನುತ್ತಿದ್ದರು. ಕಾರಣ ಬಿಡಿಸಿ ಹೇಳಿದವರು ಗೇಟಿನೆದುರಿನ ಚಹಾದಂಗಡಿಯವರು. ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಬಿಟ್ಟಿರಬೇಕು. ಆಸ್ಪತ್ರೆಯ ಪಕ್ಕ ಮನೆ ಕಟ್ಟಿಸಿದವರಿಗೆ ಅದೇ ಹೆದರಿಕೆ. ಅದುವರೆಗೆ ನನ್ನ ಚಿಂತೆಗಳ ಪಟ್ಟಿಯಲ್ಲಿ ನಕ್ಷತ್ರಗಳಿರಲಿಲ್ಲ.

ಐದನೆಯ ಮನೆಯಲ್ಲಿ ಸುಳ್ಳು ಹೇಳಿದೆ. ಒಡತಿ ಪಾರ್ವತಮ್ಮ ಮುಂಭಾಗದಲ್ಲಿ ತಾವಿದ್ದು ಹಿಂಭಾಗವನ್ನು ಬಾಡಿಗೆಗೆ ಕೊಡುತ್ತಿದ್ದರು. 'ಅಕ್ಕನಿಗೆ ಮಂಡಿನೋವು, ವ್ಯಾಯಾಮ ಮಾಡಿಸ್ತಾರಂತೆ' ಎಂದೆ. ಒಪ್ಪಿದರು.

ಸಾಮಾನಿನ ಜೀಪು ಬಂದ ದಿನ ಅಕ್ಕ ಇಳಿದು ಮೆಟ್ಟಿಲನ್ನು ಸರಾಗವಾಗಿ ಹತ್ತಿದಳು.

'ಮಂಡಿ ಪರವಾಗಿಲ್ವಲ್ಲ' ಎಂದರು ಪಾರ್ವತಮ್ಮ.

'ಮಂಡಿಗೇನಾಗಿದೆ? ಹೋಗಿರೋದು ಕಿಡ್ನಿ.' ಅಕ್ಕ ನನ್ನ ಕಡೆ ತಿರುಗಿದಳು. 'ಏನು ಹೇಳಿದೀಯ ಮಾರಾಯ ಇವ್ರಿಗೆ?'

ನಾನು ಜೀಪಿನ ಹಗ್ಗ ಬಿಚ್ಚುವುದರಲ್ಲಿ ಮಗ್ನನಾದೆ. ಅದು ಆಗಲೇ ಬಿಚ್ಚಿತ್ತು.

ಅಕ್ಕ ಎಲ್ಲವನ್ನೂ ಹೇಳಿದಳು. ಪಾರ್ವತಮ್ಮ ಬಾಗಿಲಿಗೆ ಒರಗಿ ಕೇಳಿಸಿಕೊಂಡರು. 'ಬೇಜಾರು ಮಾಡ್ಕೋಬೇಡಿ. ನಿಮಗಿಲ್ಲಿ ಹೆಚ್ಚುಕಮ್ಮಿ ಆದ್ರೆ ನಾನು ಮನೆ ಬಿಟ್ಟು ಎಲ್ಲಿಗೆ ಹೋಗ್ಲಿ?'

'ನಿಮಗೆಷ್ಟು ವಯಸ್ಸು?' ಎಂದಳು ಅಕ್ಕ.

'ಎಪ್ಪತ್ತೊಂದು.'

'ನಂಗೆ ಐವತ್ತೆಂಟು. ನೀವು ಮೊದ್ಲು ಹೋದ್ರೆ ನಾನೆಲ್ಲಿಗೆ ಹೋಗ್ಲಿ? ನಾನೂ ಕೇಳ್ಕೊಂಡೇ ಬರ್ಬೇಕಿತ್ತು.'

ಪಾರ್ವತಮ್ಮ ನಗು ತಡೆಯಲಾಗದೆ, 'ಸಾಮಾನು ಇಳಿಸಪ್ಪ' ಎಂದರು. ನನಗಲ್ಲ, ಜೀಪಿನವನಿಗೆ. ನನ್ನೊಡನೆ ಮಾತಾಡಲು ಅವರಿಗೆ ಇನ್ನೊಂದು ವಾರ ಬೇಕಾಯಿತು.

ಹನ್ನೊಂದು ತಿಂಗಳ ಬಾಡಿಗೆ ಕರಾರು ಇವತ್ತಿಗೆ ಮುಗಿಯುತ್ತದೆ. ಏನೆಂದು ಕೇಳಿಕೊಳ್ಳಬೇಕೆಂದು ಮೂರು ದಿನದಿಂದ ಬಾಯಿಪಾಠ ಮಾಡಿದ್ದೆ. ಮುಂಭಾಗಕ್ಕೆ ಹೋದರೆ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದರು. ಅಕ್ಕ ಅದನ್ನು ತಿನ್ನುವ ಹಾಗಿಲ್ಲ, ಸುಲಿಯುತ್ತಾಳೆ.

'ಈ ಸಲ ಅಕ್ಕನ ಹೆಸರಿಗೇ ಬರೆಸಿ' ಎಂದರು ಪಾರ್ವತಮ್ಮ, ನಾನು ಬಾಯಿ ತೆರೆಯುವ ಮೊದಲೇ. 'ನಿಮ್ಮನ್ನ ನಂಬೋದು ಕಷ್ಟ.'

'ಹನ್ನೊಂದು ತಿಂಗಳಿಗೆ ಯಾಕೆ? ಎರಡು ವರ್ಷಕ್ಕೆ ಬರೆಸೋ ಮಾರಾಯ' ಎಂದಳು ಅಕ್ಕ, ಕಾಯಿಯಿಂದ ಕಣ್ಣೆತ್ತದೆ.

ಮುಂದಿನ ವಾರದ ಆಚೆಗಿನ ಮಾತನ್ನು ಅವಳ ಬಾಯಲ್ಲಿ ಕೇಳಿ ವರ್ಷವಾಗಿತ್ತು. ಎರಡು ವರ್ಷದ ಕರಾರಾದರೆ ನೋಂದಣಿ ಕಚೇರಿಗೆ ಅಲೆಯಬೇಕು, ಸಾಕ್ಷಿಗಳನ್ನು ಹುಡುಕಬೇಕು, ಯಾವುದಾದರೊಂದು ಕಾಗದ ಕಡಿಮೆ ಬಿದ್ದೇ ಬೀಳುತ್ತದೆ. ಅದನ್ನೇನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡೆ.