ಕ್ರಾಸಿಂಗ್ ಮುಗಿಯೋವರೆಗೆ ಫರ್ನೇಸ್ ಬಂದ್

ಮನೆಗೆಲ್ಲ ಬಿಸಿಗಾಳಿ ಊದೋ ಫರ್ನೇಸ್ ರಿಪೇರಿ ಮಾಡಿದ ಮೇಲೆ ಹತ್ತು ನಿಮಿಷ ಓಡಿಸಿ, ಮನೆ ಬೆಚ್ಚಗಾಯ್ತು ಅಂತ ಸಹಿ ತಗೊಳ್ಳದೆ ಹೊರಡೋ ಹಾಗಿಲ್ಲ. ಅದು ನಮ್ಮ ಕಂಪನಿ ರೂಲು. ಕೆನಡಾದ ಮಾಲ್ಟನ್ನಿನ ಆ ಬೇಸ್‌ಮೆಂಟಲ್ಲಿ ನಾನು ಸ್ವಿಚ್ಚಿಗೆ ಕೈ ಹಾಕಿದ್ದೇ ತಡ, ಮನೆಯ ಯಜಮಾನಿ, ರಾಣೇಬೆನ್ನೂರಿನ ಗಿರಿಜಮ್ಮ, ಅಡ್ಡ ನಿಂತರು.

"ಹಚ್ಚಬ್ಯಾಡೋ ತಮ್ಮಾ! ಗಾಳಿ ಬಿಟ್ರ ಗಂಡು ಗಿಡದ ಪುಡಿ ಹಾರಿ ಕಂಡಕಂಡ ಹೂವಿಗೆಲ್ಲಾ ಬೀಳತೈತಿ. ನನ್ನ ತಳಿ ಕೆಡತೈತಿ."

ಪರದೆಯ ಹಿಂದೆ ನೋಡಿದರೆ ನಾಲ್ಕು ಗಾಂಜಾ ಗಿಡ. ಮನೆಗೆ ನಾಲ್ಕೇ ಅಂತ ಇಲ್ಲಿ ಕಾನೂನು, ಅದನ್ನವರು ಮೀರಿರಲಿಲ್ಲ. ಊರಲ್ಲಿ ಹತ್ತಿ ಬೀಜದ ಹೊಲದಲ್ಲಿ ಒಂದು ಹೂವಿನ ಪುಡಿ ಇನ್ನೊಂದಕ್ಕೆ ಮುಟ್ಟಿಸಿ ಕ್ರಾಸಿಂಗ್ ಮಾಡಿದ ಕೈ ಅದು. ಇಲ್ಲೂ ಆರಿಸಿದ ಟೊಂಗೆಗಳಿಗೆ ಕೆಂಪು ದಾರ ಕಟ್ಟಿದ್ದರು. ಆ ಮನೆಯಲ್ಲಿ ಸೇದುವವರು ಯಾರೂ ಇಲ್ಲ. ಬಿತ್ತಿದ ಬೀಜವೆಲ್ಲ ಒಂದೇ ಥರ ಹುಟ್ಟಬೇಕು ಅನ್ನೋದಷ್ಟೇ ಹಟ. ಇದು ಆ ತಳಿಯ ಐದನೇ ತಲೆಮಾರಂತೆ.

"ಅಮ್ಮಾ, ಹೊರಗೆ ಮೈನಸ್ ಹದಿನೆಂಟು. ನೀರು ಹೆಪ್ಪುಗಟ್ಟಿ ಪೈಪ್ ಒಡೆದು ಹೋಗುತ್ತೆ."

"ಇನ್ನ ನಾಕ ದಿನಾ ತಡಿಯಪಾ."

ಗಿಡಗಳ ಪಕ್ಕ ಮಾತ್ರ ಒಂದು ಹೀಟರು ಉರೀತಿತ್ತು. ನನಗೆ ತಲೆ ಕೆಟ್ಟು ಹೋಯ್ತು. ಮೇಲೆ ಬಂದರೆ, ನನಗೆ ಫೋನ್ ಮಾಡಿ ಕರೆಸಿದ್ದ ಅವರ ಗಂಡ ಜಾಕೆಟ್ಟು, ಮಂಕಿ ಕ್ಯಾಪು ಹಾಕ್ಕೊಂಡು ಸೋಫಾದಲ್ಲಿ ಮುದುಡಿ ಕೂತಿದ್ದರು.

"ನೀವಾದ್ರೂ ಹೇಳಿ ಸಾರ್," ಅಂದೆ.

"ಮಗಳ ಮದುವಿಗೆ ಜಾತಿ ಕೇಳಲಿಲ್ರೀ ಈಕಿ. ಗಿಡಕ್ಕ ಕೇಳತಾಳ. ನಾ ಏನ್ ಹೇಳ್ಲಿ?"

ಆಮೇಲೆ ಫಾರಂ ಇಸ್ಕೊಂಡು, 'ಹತ್ತು ನಿಮಿಷ ಓಡಿಸಿ ನೋಡಿದ್ದೇನೆ, ಮನೆ ಬೆಚ್ಚಗಾಗಿದೆ' ಅನ್ನೋ ಸಾಲಿನ ಕೆಳಗೆ, ಕೈಗವಸು ತೆಗೆಯದೆಯೇ ಸಹಿ ಹಾಕಿಕೊಟ್ಟರು.